ಥೀಮ್ ಪಾರ್ಕುಗಳು: ಹಳೆಯದನ್ನು ತೆಗೆಯಬೇಕೆ, ಜಾಗವನ್ನು ಬೆಳೆಸಬೇಕೆ?

2025ರ ಜುಲೈ 6, ಭಾನುವಾರ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ಮ್ಯಾಜಿಕ್ ಕಿಂಗ್‌ಡಮ್ ಎಂಬ ಥೀಮ್ ಪಾರ್ಕಿನಲ್ಲಿ ಅಂದು ಒಂದು ಹಳೆಯ ಕಾಲದ ಉಗಿದೋಣಿ ಕೊನೆಯ ಬಾರಿಗೆ ಪ್ರಯಾಣಿಕರನ್ನು ಕರೆದೊಯ್ಯಿತು. ಅದರ ಹೆಸರು ಲಿಬರ್ಟಿ ಬೆಲ್. ಹಿಂಬದಿಯಲ್ಲಿ ದೊಡ್ಡದೊಂದು ಚಕ್ರ, ಆ ಚಕ್ರವನ್ನು ತಿರುಗಿಸಲು ನಿಜವಾದ ಉಗಿಯಂತ್ರ. ದೋಣಿ ಸಾಗುತ್ತಿದ್ದ ನದಿ ಮಾತ್ರ ಮನುಷ್ಯರು ಅಗೆದು ಮಾಡಿದ್ದು. ನೀರಿನಡಿಯಲ್ಲಿ ಹಳಿ ಹಾಕಿ, ದೋಣಿ ದಾರಿ ತಪ್ಪದಂತೆ ಏರ್ಪಾಡು ಮಾಡಿದ್ದರು. ನದಿಯ ನಡುವೆ ಟಾಮ್ ಸಾಯರ್ ದ್ವೀಪ. ಮಾರ್ಕ್ ಟ್ವೇನ್ ಬರೆದ ಕಾದಂಬರಿಯ ತುಂಟ ಹುಡುಗನ ಹೆಸರು ಅದಕ್ಕೆ. ಅಲ್ಲಿ ಗುಹೆಗಳು, ತೂಗಾಡುವ ಸೇತುವೆ, ಮರದ ಕೋಟೆ. ತೆಪ್ಪದಲ್ಲಿ ದಾಟಿ ಹೋದ ಮಕ್ಕಳು ತಮಗೆ ಬೇಕಾದಷ್ಟು ಹೊತ್ತು ಓಡಾಡಿಕೊಂಡಿರಬಹುದಾಗಿತ್ತು. ಮರುದಿನದಿಂದ ಇವೆಲ್ಲವೂ ಶಾಶ್ವತವಾಗಿ ಮುಚ್ಚಿದವು. ಆ ಜಾಗದಲ್ಲಿ ‘ಕಾರ್ಸ್’ ಎಂಬ ಚಲನಚಿತ್ರದ ಮಾತನಾಡುವ ಕಾರುಗಳ ಹೊಸ ವಿಭಾಗವನ್ನು ಕಟ್ಟುವುದಾಗಿ ಡಿಸ್ನಿ ಸಂಸ್ಥೆ 2024ರಲ್ಲೇ ಪ್ರಕಟಿಸಿತ್ತು.

ಇದರಲ್ಲಿ ಚರ್ಚಿಸುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಖಾಸಗಿ ಸಂಸ್ಥೆಯೊಂದು ತನ್ನ ಜಾಗದಲ್ಲಿ ಹಳೆಯ ಆಟವನ್ನು ತೆಗೆದು ಹೊಸ ಆಟವನ್ನು ಇಟ್ಟರೆ ನಮಗೇನು? ಸ್ವಲ್ಪ ಯೋಚಿಸಿ ನೋಡಿ. ಹಳೆಯದನ್ನು ಉಳಿಸಿಕೊಂಡು ಪಕ್ಕದಲ್ಲಿ ಹೊಸದನ್ನು ಕಟ್ಟಬೇಕೆ, ಅಥವಾ ಹಳೆಯದನ್ನು ತೆಗೆದು ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟಬೇಕೆ ಎಂಬ ಪ್ರಶ್ನೆ ನಮ್ಮ ಊರಿನ ಮಾರುಕಟ್ಟೆಗೂ ಬರುತ್ತದೆ, ಸಿನಿಮಾ ಮಂದಿರಕ್ಕೂ ಬರುತ್ತದೆ, ಉದ್ಯಾನಕ್ಕೂ ಬರುತ್ತದೆ. ಥೀಮ್ ಪಾರ್ಕಿನಲ್ಲಿ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಅಲ್ಲಿ ಎಲ್ಲವನ್ನೂ ಲೆಕ್ಕ ಹಾಕಿಯೇ ಕಟ್ಟಿರುತ್ತಾರೆ.

ಮೊದಲು ಜಾಗದ ವಿಷಯ ನೋಡೋಣ.

ವಾಲ್ಟ್ ಡಿಸ್ನಿ ತನ್ನ ಮೊದಲ ಪಾರ್ಕಾದ ಡಿಸ್ನಿಲ್ಯಾಂಡನ್ನು ಕ್ಯಾಲಿಫೋರ್ನಿಯಾದ ಅನಹೈಮ್ ಪಟ್ಟಣದಲ್ಲಿ 1955ರ ಜುಲೈ 17ರಂದು ತೆರೆದ. ಅದಕ್ಕಾಗಿ ಕೊಂಡದ್ದು ಸುಮಾರು 160 ಎಕರೆ. ಹೆಚ್ಚಿನ ಭಾಗ ಕಿತ್ತಳೆ ತೋಟ. ಪಾರ್ಕು ಜನಪ್ರಿಯವಾಯಿತು. ಆದರೆ ಅದರ ಸುತ್ತ ಹೋಟೆಲುಗಳೂ ಅಂಗಡಿಗಳೂ ತಲೆಯೆತ್ತಿ ಬೆಳೆಯಲು ಜಾಗವೇ ಇಲ್ಲದಂತಾಯಿತು. ಈ ಪಾಠ ಕಲಿತ ಡಿಸ್ನಿ 1960ರ ದಶಕದಲ್ಲಿ ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸದ್ದಿಲ್ಲದೆ ಭೂಮಿ ಕೊಂಡ. ಒಟ್ಟು 27,000 ಎಕರೆಗೂ ಹೆಚ್ಚು! ಮನಸ್ಸಿಗೆ ಬಂದ ಯೋಜನೆಗಳನ್ನೆಲ್ಲ ಕೈಗೊಳ್ಳುವಷ್ಟು ನೆಲ ಇಲ್ಲಿದೆ ಎಂದು ಆತ ಸಂತೋಷಪಟ್ಟಿದ್ದ. ಆದರೆ 1966ರ ಡಿಸೆಂಬರಿನಲ್ಲಿ ತೀರಿಕೊಂಡ. ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಈಗಲೂ ಆ ಸಂಸ್ಥೆಯ ಕೈಯಲ್ಲಿ ಅಲ್ಲಿ ಸುಮಾರು 25,000 ಎಕರೆ ಭೂಮಿ ಇದೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆಯದು. ಅಂದರೆ ನೂರಕ್ಕೂ ಹೆಚ್ಚು ಲಾಲ್‌ಬಾಗ್‌ಗಳು ಹಿಡಿಸುವಷ್ಟು ನೆಲ ಅದು.

ಇಷ್ಟು ಜಾಗವಿದ್ದೂ ನದಿಯನ್ನೇಕೆ ಮುಚ್ಚಬೇಕು? ಆ ನದಿಯನ್ನು ಮೆಚ್ಚಿದ್ದವರೆಲ್ಲ ಕೇಳಿದ ಪ್ರಶ್ನೆ ಇದು.

ಕೇಳಿದಷ್ಟು ಸುಲಭವಾಗಿ ಉತ್ತರ ಹೇಳಲಾಗದು. ಖಾಲಿ ಭೂಮಿ ಬೇರೆ, ಕಟ್ಟಲು ಸಿದ್ಧವಾದ ಭೂಮಿ ಬೇರೆ. ಫ್ಲಾರಿಡಾದ ಆ ಭಾಗ ಜೌಗು ನೆಲ. ಅದರಲ್ಲಿ ದೊಡ್ಡ ಪಾಲನ್ನು ಕಾಡಿಗಾಗಿ, ನೀರಿಗಾಗಿ, ಪಕ್ಷಿ ಪ್ರಾಣಿಗಳಿಗಾಗಿ ಬಿಟ್ಟಿದ್ದಾರೆ. ಹೊಸ ಜಾಗಕ್ಕೆ ಮಣ್ಣು ತುಂಬಬೇಕು. ವಿದ್ಯುತ್ತು, ನೀರು, ಒಳಚರಂಡಿ ಒದಗಿಸಬೇಕು. ಮ್ಯಾಜಿಕ್ ಕಿಂಗ್‌ಡಮ್ಮಿನ ಸ್ವಾರಸ್ಯವೊಂದನ್ನು ಹೇಳುತ್ತೇನೆ. ಅಲ್ಲಿ ಜನ ಓಡಾಡುವ ಬೀದಿಗಳ ಕೆಳಗೆ ಇನ್ನೊಂದು ಅಂತಸ್ತೇ ಇದೆ. ಕೆಲಸಗಾರರು ಓಡಾಡಲು, ಸಾಮಾನು ಸಾಗಿಸಲು, ಕಸ ಸಾಗಿಸಲು ಮಾಡಿರುವ ಹಾದಿಗಳು ಅವು. ನೆಲದಡಿಯಲ್ಲಿ ಅಗೆದರೆ ನೀರು ಬರುವುದರಿಂದ ಈ ಹಾದಿಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಪಕ್ಕದಲ್ಲಿ ಕೆರೆ ತೋಡಿದಾಗ ಬಂದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕನ್ನು ಎಬ್ಬಿಸಿದರು. ಮೇಲೆ ನಡೆಯುವವರಿಗೆ ತಾವು ಮೊದಲ ಮಹಡಿಯಲ್ಲಿ ನಡೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಪಾರ್ಕು ದೊಡ್ಡದಾದಷ್ಟೂ ನಡೆಯಬೇಕಾದ ದೂರವೂ ಹೆಚ್ಚುತ್ತದೆ. ಪುಟ್ಟ ಮಗುವನ್ನು ಎತ್ತಿಕೊಂಡ ತಾಯಿ, ಮಂಡಿ ನೋವಿನ ಅಜ್ಜ, ಬಿಸಿಲು. ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಸದನ್ನು ಸೇರಿಸುತ್ತಲೇ ಹೋದರೆ ಹಳೆಯದನ್ನೂ ನೋಡಿಕೊಳ್ಳಬೇಕು, ಹೊಸದನ್ನೂ ನೋಡಿಕೊಳ್ಳಬೇಕು. ಐವತ್ತು ವರ್ಷದ ಉಗಿಯಂತ್ರಕ್ಕೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಬಲ್ಲ ಕೆಲಸಗಾರರೂ ವಿರಳ. ಇವೆಲ್ಲ ನಿಜವಾದ ತೊಂದರೆಗಳು, ನೆವಗಳಲ್ಲ.

ಈಗ ಸ್ವಲ್ಪ ಗಣಿತ ಮಾಡೋಣ. ಗಾಬರಿಯಾಗಬೇಡಿ, ಗುಣಾಕಾರ ಗೊತ್ತಿದ್ದರೆ ಸಾಕು.

ಒಂದು ಸವಾರಿ ಗಂಟೆಗೆ ಎಷ್ಟು ಜನರನ್ನು ಕೂರಿಸಿಕೊಳ್ಳಬಲ್ಲದು ಎಂಬುದು ಪಾರ್ಕಿನ ಮುಖ್ಯ ಲೆಕ್ಕ. ಒಂದು ರೋಲರ್ ಕೋಸ್ಟರ್ ಇದೆ ಎನ್ನಿ. ಅದರ ಗಾಡಿಯಲ್ಲಿ 24 ಆಸನ. ಒಂದೂವರೆ ನಿಮಿಷಕ್ಕೊಂದು ಗಾಡಿ ಹೊರಡುತ್ತದೆ. ಗಂಟೆಗೆ 40 ಗಾಡಿ, ಅಂದರೆ 960 ಜನ. ಪಕ್ಕದಲ್ಲಿ 500 ಆಸನಗಳ ಒಂದು ಹಳೆಯ ಪ್ರದರ್ಶನ ಮಂದಿರವಿದೆ. ಗಂಟೆಗೆ ಮೂರು ಆಟ, ಅಂದರೆ 1,500 ಜನ. ಈಗ ಮಂದಿರವನ್ನು ಕೆಡವಿ ರೋಲರ್ ಕೋಸ್ಟರ್ ಕಟ್ಟಿದರೆ ಏನಾಯಿತು? ಪಾರ್ಕಿನಲ್ಲಿ ಗಂಟೆಗೆ 540 ಜನರ ಜಾಗ ಕಡಿಮೆಯಾಯಿತು. ಹೊಸ ಆಕರ್ಷಣೆಯ ಸುದ್ದಿ ಕೇಳಿ ಜನ ಮಾತ್ರ ಮೊದಲಿಗಿಂತ ಹೆಚ್ಚು ಬಂದರು. ಪರಿಣಾಮವಾಗಿ ಎಲ್ಲ ಸವಾರಿಗಳ ಮುಂದೆಯೂ ಸಾಲು ಉದ್ದವಾಯಿತು. ಹೊಸದು ಬಂದಿತು, ಸಂತೋಷ ಕುಂದಿತು.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಆ ಮಂದಿರದ 500 ಆಸನಗಳಲ್ಲಿ ಪ್ರತಿ ಆಟಕ್ಕೂ ನೂರೇ ಜನ ಕೂರುತ್ತಿದ್ದರೆ? ಆಗ ಅದು ನಿಜವಾಗಿ ರಂಜಿಸುತ್ತಿದ್ದದ್ದು ಗಂಟೆಗೆ 300 ಜನರನ್ನು ಮಾತ್ರ. ಅದನ್ನು ತೆಗೆದು 960 ಜನರ ಸವಾರಿ ಕಟ್ಟಿದರೆ ಲಾಭವೇ. ಆದ್ದರಿಂದ ಹಳೆಯದೆಲ್ಲ ಇರಲೇಬೇಕು ಎನ್ನುವವರೂ, ಹೊಸದೆಲ್ಲ ಬರಲೇಬೇಕು ಎನ್ನುವವರೂ ಮೊದಲು ಆಸನಗಳನ್ನಲ್ಲ, ಕುಳಿತವರನ್ನು ಎಣಿಸಬೇಕು.

ಇತಿಹಾಸವೂ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಇದೇ ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಎಂಬ ಸವಾರಿ 1971ರಿಂದ ಇತ್ತು. ಕಪ್ಪೆರಾಯನೊಬ್ಬನ ಹುಚ್ಚು ಮೋಟಾರು ಪ್ರಯಾಣ ಅದರ ಕಥೆ. ಅದನ್ನು ಮುಚ್ಚುತ್ತಾರೆಂದು ತಿಳಿದಾಗ ಅಭಿಮಾನಿಗಳು ಪಾರ್ಕಿನೊಳಗೇ ಸೇರಿ ಪ್ರತಿಭಟಿಸಿದರು. ಆದರೂ 1998ರಲ್ಲಿ ಅದು ಮುಚ್ಚಿತು. 1999ರಲ್ಲಿ ಆ ಸ್ಥಳಕ್ಕೆ ವಿನ್ನಿ ದಿ ಪೂ ಎಂಬ ಕರಡಿಯ ಸವಾರಿ ಬಂದಿತು. ಅದು ಬಂದು ಕಾಲು ಶತಮಾನ ಕಳೆದಿದೆ. ಅಂದು ಅದರಲ್ಲಿ ಕುಳಿತ ಮಕ್ಕಳು ಇಂದು ತಮ್ಮ ಮಕ್ಕಳನ್ನು ಕರೆತರುವ ವಯಸ್ಸಿನವರಾಗಿದ್ದಾರೆ. ನಾಳೆ ಅದನ್ನು ತೆಗೆಯಲು ಹೊರಟರೆ ಅವರೂ ಬೇಡವೆನ್ನಬಹುದು! ಹಳೆಯದು ಎಂಬುದು ಒಂದು ಕಾಲದ ಹೊಸದೇ. ಅಂದು ಯಾವುದನ್ನೂ ತೆಗೆಯದೆ ಇದ್ದಿದ್ದರೆ ಈ ಎರಡನೆಯ ತಲೆಮಾರಿನ ನೆನಪುಗಳೂ ಹುಟ್ಟುತ್ತಿರಲಿಲ್ಲ.

ಕೆಲವೊಮ್ಮೆ ಹಳೆಯದು ಬದಲಾಗಲೇಬೇಕಾದ ಕಾರಣವೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ, ಫ್ಲಾರಿಡಾದಲ್ಲಿ 1992ರಲ್ಲಿ ‘ಸ್ಪ್ಲಾಶ್ ಮೌಂಟನ್’ ಎಂಬ ಜಲಸವಾರಿ ಆರಂಭವಾಯಿತು. ಅದರ ಪಾತ್ರಗಳೂ ಹಾಡುಗಳೂ 1946ರ ಒಂದು ಚಲನಚಿತ್ರದವು. ಗುಲಾಮಗಿರಿಯ ನಂತರದ ದಿನಗಳ ಕಪ್ಪು ಜನರ ಬದುಕನ್ನು ಆ ಚಿತ್ರ ಹುಸಿ ಸುಖದ ಬಣ್ಣದಲ್ಲಿ ತೋರಿಸಿದೆ ಎಂಬ ಆಕ್ಷೇಪ ಅದು ತೆರೆಕಂಡಾಗಲೇ ಇತ್ತು. 2023ರಲ್ಲಿ ಆ ಸವಾರಿಯನ್ನು ಎರಡೂ ಕಡೆ ಮುಚ್ಚಿದರು. ಆದರೆ ಬೆಟ್ಟವನ್ನು ಕೆಡವಲಿಲ್ಲ, ನೀರಿನ ಹಾದಿಯನ್ನು ಕೀಳಲಿಲ್ಲ. ಅದೇ ಹಾದಿಯಲ್ಲಿ, ಅದೇ ಎತ್ತರದಿಂದ ಧುಮುಕುವ ದೋಣಿಗಳಿಗೆ ಟಿಯಾನಾ ಎಂಬ ಕಪ್ಪು ರಾಜಕುಮಾರಿಯ ಹೊಸ ಕಥೆಯನ್ನು ಹೊಂದಿಸಿ 2024ರಲ್ಲಿ ಮತ್ತೆ ತೆರೆದರು. ಮೂಳೆ ಹಳೆಯದು, ಮೈ ಹೊಸದು. ಇದೂ ಒಂದು ದಾರಿ.

ಮೂರನೆಯ ದಾರಿ ಸ್ಥಳಾಂತರ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ಡಿಸ್ನಿಯವರು ‘ಕೆರೊಸೆಲ್ ಆಫ್ ಪ್ರೋಗ್ರೆಸ್’ ಎಂಬ ವಿಚಿತ್ರ ನಾಟಕಶಾಲೆಯನ್ನು ಮಾಡಿದರು. ಅದರಲ್ಲಿ ರಂಗಸ್ಥಳ ಅಲುಗುವುದಿಲ್ಲ, ಪ್ರೇಕ್ಷಕರ ಆಸನಗಳೇ ಅದರ ಸುತ್ತ ತಿರುಗುತ್ತವೆ. ವಿದ್ಯುತ್ತು ಬಂದಮೇಲೆ ಮನೆವಾರ್ತೆ ಹೇಗೆ ಬದಲಾಯಿತೆಂಬುದನ್ನು ಯಂತ್ರದ ಗೊಂಬೆಗಳು ನಟಿಸಿ ತೋರಿಸುತ್ತವೆ. ಮೇಳ ಮುಗಿದ ಮೇಲೆ ಅದು 1967ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, 1975ರಲ್ಲಿ ಫ್ಲಾರಿಡಾಕ್ಕೆ ಬಂದಿತು. ಎರಡು ಸಲ ಊರು ಬಿಟ್ಟರೂ ಅದು ಪ್ರಾಣ ಬಿಡಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನೀವು ಗಮನಿಸಬೇಕಾದ ಉದಾಹರಣೆ ಈಗ ಹೇಳುವುದು. ಫ್ಲಾರಿಡಾದಲ್ಲಿ ಇದ್ದಂಥದೇ ನದಿ, ಅಂಥದೇ ದ್ವೀಪ ಕ್ಯಾಲಿಫೋರ್ನಿಯಾದ ಮೂಲ ಡಿಸ್ನಿಲ್ಯಾಂಡಿನಲ್ಲಿಯೂ ಇವೆ. ನದಿ 1955ರದು, ದ್ವೀಪ 1956ರದು. ಅಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಗಳ ಹೊಸ ವಿಭಾಗಕ್ಕೆ 14 ಎಕರೆ ಬೇಕಾಯಿತು. ಫ್ಲಾರಿಡಾದ ಹಾಗೆ ಅಲ್ಲಿ ಸಾವಿರಾರು ಎಕರೆ ಇಲ್ಲ. ಎಂಜಿನಿಯರುಗಳು ಏನು ಮಾಡಿದರು? 2016ರ ಜನವರಿಯಲ್ಲಿ ನದಿಯ ನೀರನ್ನು ಖಾಲಿ ಮಾಡಿದರು. ನದಿಯ ಉತ್ತರದ ಬಾಗನ್ನು ಮೊಟಕುಗೊಳಿಸಿದರು, ದ್ವೀಪದ ತುದಿಯನ್ನು ಕತ್ತರಿಸಿದರು, ಪಾರ್ಕನ್ನು ಸುತ್ತುವ ರೈಲಿನ ಹಳಿಯ ದಿಕ್ಕನ್ನು ತಿರುಗಿಸಿದರು. ಅದುವರೆಗೆ ಬಲಕ್ಕಷ್ಟೇ ತಿರುಗುತ್ತಿದ್ದ ಆ ರೈಲು ಮೊದಲ ಬಾರಿಗೆ ಎಡಕ್ಕೂ ತಿರುಗಿತು. ನದಿಯ ಹೊಸ ದಡದಲ್ಲಿ ಬಂಡೆಗಳನ್ನೂ ಜಲಪಾತಗಳನ್ನೂ ನಿರ್ಮಿಸಿದರು. 2017ರ ಜುಲೈನಲ್ಲಿ ದೋಣಿಗಳು ಮತ್ತೆ ಓಡಿದವು. 2019ರ ಮೇ 31ರಂದು ಸ್ಟಾರ್ ವಾರ್ಸ್ ವಿಭಾಗವೂ ತೆರೆಯಿತು. ನದಿ ಚಿಕ್ಕದಾಯಿತು, ಆದರೆ ಉಳಿಯಿತು.

ಜಾಗ ಕಡಿಮೆ ಇದ್ದಲ್ಲಿ ನದಿ ಉಳಿಯಿತು, ಜಾಗ ಧಾರಾಳವಾಗಿದ್ದಲ್ಲಿ ನದಿ ಹೋಯಿತು! ಇದರಿಂದ ನಮಗೆ ತಿಳಿಯುವುದೇನು? ಉಳಿಸುವುದು ಎಕರೆಗಳ ಪ್ರಶ್ನೆಯಷ್ಟೇ ಅಲ್ಲ. ಯಾವುದನ್ನು ಬೆಲೆಯುಳ್ಳದ್ದೆಂದು ತಿಳಿದಿದ್ದೇವೆ ಎಂಬ ಪ್ರಶ್ನೆ.

ಜಾಗವೇ ಇಲ್ಲದವರು ಹೇಗೆ ಬಾಳುತ್ತಾರೆ ಎಂಬುದಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಟಿವೋಲಿ ಉದ್ಯಾನವನ್ನು ನೋಡಬಹುದು. 1843ರಲ್ಲಿ ತೆರೆದ ಈ ಉದ್ಯಾನ ಊರಿನ ನಟ್ಟನಡುವೆ, ರೈಲು ನಿಲ್ದಾಣದ ಪಕ್ಕದಲ್ಲಿ, ಸುಮಾರು 20 ಎಕರೆಯಲ್ಲಿದೆ. ಡಿಸ್ನಿಲ್ಯಾಂಡ್ ಕಟ್ಟುವ ಮೊದಲು ವಾಲ್ಟ್ ಡಿಸ್ನಿ ಸ್ವತಃ ಇಲ್ಲಿಗೆ ಬಂದು ನೋಡಿಹೋಗಿದ್ದ. ಟಿವೋಲಿ ಅಕ್ಕಪಕ್ಕಕ್ಕೆ ಬೆಳೆಯಲಾರದು. ಆದ್ದರಿಂದ ಅಲ್ಲಿ ಆಟಗಳು ಬದಲಾಗುತ್ತಲೇ ಇರುತ್ತವೆ. 2006ರಲ್ಲಿ 80 ಮೀಟರ್ ಎತ್ತರದ ತಿರುಗುವ ತೊಟ್ಟಿಲು ಬಂದಿತು. ನೆಲವಿಲ್ಲದಿದ್ದರೆ ಆಕಾಶಕ್ಕೆ ಬೆಳೆದರು. ಆದರೆ 1914ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರನ್ನು ಮಾತ್ರ ಬಿಡಲಿಲ್ಲ. ಅದರ ಪ್ರತಿ ಗಾಡಿಯಲ್ಲಿಯೂ ಒಬ್ಬ ಚಾಲಕ ಕುಳಿತು ಕೈಯಿಂದ ಬ್ರೇಕು ಹಾಕುತ್ತಾನೆ. ಇಂದಿನ ಕೋಸ್ಟರುಗಳ ವೇಗ ಅದಕ್ಕಿಲ್ಲ. ಆದರೂ ಅದು ಹೋದರೆ ಟಿವೋಲಿ ಟಿವೋಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ಅಲ್ಲಿಯವರು ಬಲ್ಲರು.

ಈಗ ಮತ್ತೆ ಫ್ಲಾರಿಡಾದ ದ್ವೀಪಕ್ಕೆ ಬರೋಣ. ಗಂಟೆಗೆ ಎಷ್ಟು ಜನ ಎಂಬ ಲೆಕ್ಕದಲ್ಲಿ ಆ ದ್ವೀಪ ಸೋಲಬಹುದು. ಅದಕ್ಕಾಗಿ ಯಾರೂ ವಿಮಾನ ಹತ್ತಿ ಬರುತ್ತಿರಲಿಲ್ಲ. ಜಾಹೀರಾತಿನಲ್ಲಿ ಅದರ ಚಿತ್ರ ಹಾಕಿದರೆ ಟಿಕೆಟ್ ಮಾರಾಟ ಏರುತ್ತಿರಲಿಲ್ಲ. ಆದರೆ ದಿನವಿಡೀ ಸಾಲಿನಲ್ಲಿ ನಿಂತು ದಣಿದ ಕುಟುಂಬಕ್ಕೆ ನೆರಳು ಕೊಟ್ಟದ್ದು ಅದು. ಸುಮ್ಮನೆ ಕೂರಲು ಬಿಟ್ಟದ್ದು ಅದು. ಸೀಟಿಗೆ ಬೆಲ್ಟು ಕಟ್ಟಿ ಕೂರಿಸುವ ಬದಲು ಮಕ್ಕಳನ್ನು ಅವರ ಪಾಡಿಗೆ ಗುಹೆಯಲ್ಲಿ ದಾರಿ ಹುಡುಕಲು ಬಿಟ್ಟದ್ದು ಅದು. ದೊಡ್ಡ ಸವಾರಿ ಜನರನ್ನು ಪಾರ್ಕಿಗೆ ಕರೆತರುತ್ತದೆ, ನಿಜ. ಆದರೆ ಬಂದವರನ್ನು ಸಂಜೆಯವರೆಗೆ ಸಮಾಧಾನವಾಗಿ ಇರಿಸುವುದು ಇಂಥ ಸಣ್ಣ ಜಾಗಗಳೇ. ಊಟದ ಎಲೆಯ ಮೇಲೆ ಹೋಳಿಗೆಯ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ಹಾಗೆಂದು ತಿಳಿಸಾರನ್ನೂ ಮಜ್ಜಿಗೆಯನ್ನೂ ತೆಗೆದು ಎಲೆಯ ತುಂಬ ಹೋಳಿಗೆಯನ್ನೇ ಬಡಿಸಿದರೆ ಉಣ್ಣುವವರ ಗತಿಯೇನು?

ನನ್ನ ಅಭಿಪ್ರಾಯವನ್ನು ಇಷ್ಟರಲ್ಲಿ ಹೇಳಬಹುದು. ಪಾರ್ಕುಗಳು ಬದಲಾಗಲಿ, ಬದಲಾಗದಿದ್ದರೆ ಅವು ವಸ್ತು ಸಂಗ್ರಹಾಲಯಗಳಾಗುತ್ತವೆ. ಆದರೆ ಮುಂದೆ ಸಾಲು ಇಲ್ಲವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಕೆಲಸಕ್ಕೆ ಬಾರದ್ದೆಂದು ತೀರ್ಮಾನಿಸಬಾರದು. ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಅದು ಈಗ ಯಾರಿಗೆ ಉಪಯೋಗವಾಗುತ್ತಿದೆ? ಅದು ಮಾಡುತ್ತಿರುವ ಕೆಲಸವನ್ನು ಹೊಸದು ಮಾಡುತ್ತದೆಯೇ? ಕಥೆಯನ್ನಷ್ಟೇ ಬದಲಿಸಿ, ಅಥವಾ ಸ್ವಲ್ಪ ಮೊಟಕುಗೊಳಿಸಿ, ಅಥವಾ ಬೇರೆಡೆಗೆ ಒಯ್ದು ಉಳಿಸಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಯೂ ತೆಗೆಯಲೇಬೇಕೆಂದು ಕಂಡರೆ ತೆಗೆಯಲಿ. ಹುಡುಕದೆ ತೆಗೆದರೆ ಅದು ಸುಧಾರಣೆಯಲ್ಲ, ಅವಸರ.

ಇದು ದೂರದ ಅಮೆರಿಕದ ಮಾತು ಎಂದು ತಳ್ಳಿಹಾಕಬೇಡಿ. ಡಿಸ್ನಿಲ್ಯಾಂಡಿನ ಹೆಸರು ನಮ್ಮ ಕಾವೇರಿಯ ದಡಕ್ಕೂ ಬಂದಿದೆ. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1932ರಲ್ಲಿ ಪೂರ್ಣಗೊಂಡದ್ದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಸಂಜೆಯ ದೀಪಗಳು, ಕಾರಂಜಿಗಳು. ಎಷ್ಟೋ ತಲೆಮಾರಿನ ಶಾಲಾ ಪ್ರವಾಸಗಳ ಕೊನೆಯ ನಿಲ್ದಾಣ ಅದು. ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕನ್ನು ನಿರ್ಮಿಸುವ ಯೋಜನೆಯನ್ನು ರಾಜ್ಯ ಸರ್ಕಾರ 2018ರಲ್ಲಿ ಪ್ರಕಟಿಸಿತು. ಮುಂದೆ ಅಮ್ಯೂಸ್‌ಮೆಂಟ್ ಪಾರ್ಕಿನ ಯೋಜನೆ ಮತ್ತೆ ಮುಂದಕ್ಕೆ ಬಂದಾಗ, 2025ರಲ್ಲಿ, ಮಂಡ್ಯ ಭಾಗದ ರೈತ ಸಂಘಟನೆಗಳು ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯನ್ನೆತ್ತಿ ವಿರೋಧಿಸಿದವು. ಪ್ರವಾಸಿಗರು ಹೆಚ್ಚಿದರೆ ಸುತ್ತಲಿನ ಊರುಗಳಿಗೆ ಉದ್ಯೋಗ ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಅಣೆಕಟ್ಟೆ ಇರುವುದು ಮೊದಲಿಗೆ ಗದ್ದೆಗೆ ಮತ್ತು ಕುಡಿಯುವ ನೀರಿಗೆ ಎಂಬ ಮಾತಿನಲ್ಲಿಯೂ ಹುರುಳಿದೆ. ಅಮೆರಿಕದ ಕೃತಕ ನದಿಯನ್ನು ಮುಚ್ಚಿದರೆ ಹೋಗುವುದು ಒಂದು ದೋಣಿ ವಿಹಾರ. ನಮ್ಮ ನದಿಯ ಪಕ್ಕದಲ್ಲಿ ತಪ್ಪು ಮಾಡಿದರೆ ಅದರ ಬೆಲೆ ತೆರುವವರು ಟಿಕೆಟ್ ಕೊಂಡವರು ಮಾತ್ರ ಅಲ್ಲ. ಆದ್ದರಿಂದ ನಾನು ಹೇಳಿದ ಪ್ರಶ್ನೆಗಳನ್ನು ಇಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕು.

ನಿಮಗೊಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಊರಿನ ಒಂದು ಹಳೆಯ ಉದ್ಯಾನಕ್ಕೋ ಮಕ್ಕಳ ಆಟದ ಬಯಲಿಗೋ ರಜೆಯ ದಿನ ಹೋಗಿ. ಒಂದು ಗಂಟೆ ಒಂದೆಡೆ ಕುಳಿತು, ಕೈಯಲ್ಲಿ ನೋಟುಬುಕ್ಕು ಹಿಡಿದು, ಅಲ್ಲಿ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಜಾರುಬಂಡೆಯ ಮುಂದಿನ ಸಾಲನ್ನು ಎಣಿಸಿದಂತೆ ಮರದ ಕೆಳಗೆ ಸುಮ್ಮನೆ ಕುಳಿತವರನ್ನೂ ಎಣಿಸಿ. ಮುಂದೆ ನಿಮ್ಮಲ್ಲಿ ಯಾರಾದರೂ ಎಂಜಿನಿಯರೋ ಅಧಿಕಾರಿಯೋ ಆಗಿ, ಹಳೆಯ ಜಾಗವೊಂದರ ನಕ್ಷೆ ನಿಮ್ಮ ಮೇಜಿನ ಮೇಲೆ ಬಂದಾಗ, ಆ ಮರದ ಕೆಳಗೆ ಕುಳಿತವರ ನೆನಪು ನಿಮಗಿರಲಿ. ನಕ್ಷೆಯಲ್ಲಿ ಅವರು ಕಾಣುವುದಿಲ್ಲ.